ಬಾಣಂತನಕ್ಕೆ ಹೊರಟ ಕಾಂತರಾಜು

ಕಾಂತರಾಜುವನ್ನು ನಾನು ಮೊದಲು ನೋಡಿದ ದಿನ ವಠಾರದ ಕಲ್ಲಿನ ಮೇಲೆ ಬಟ್ಟೆ ಒಗೀತಾ ಇದ್ದೆ. ನಮ್ಮದು ಸುಂಕದಕಟ್ಟೆಯಲ್ಲಿ ಆರು ಮನೆಗಳ ವಠಾರ. ಗೇಟಿನ ಹತ್ತಿರ ಒಬ್ಬರು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಒಳಗೆ ಬರಬೇಕೋ ಬೇಡವೋ ಅನ್ನೋ ಹಂಗೆ ನಿಂತರು. ತಲೆಯೆಲ್ಲ ಬೆಳ್ಳಗೆ. ಉಗುರಿನ ಸಂದಿಯಲ್ಲಿ ಮಾತ್ರ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು.

"ನೀರು ಹಾಕೋ ಮುನಿತಾಯಮ್ಮ ಅಂದ್ರೆ ನೀವೇನಾ ಅಮ್ಮ?"

"ಹೌದಪ್ಪಾ. ಯಾರಿಗೆ? ಸೊಸೆಗಾ, ಮಗಳಿಗಾ?"

"ಮಗಳಿಗೆ. ಇನ್ನೂ ಐದು ತಿಂಗಳಿದೆ."

"ಹಂಗಿದ್ರೆ ಈಗ್ಲೇ ಯಾಕೆ ಬಂದ್ರಿ? ಹೆರಿಗೆ ಆದ್ಮೇಲೆ ಒಂದು ಫೋನ್ ಮಾಡಿ. ಮನೆ ಎಲ್ಲಿ?"

"ಕೆನಡಾದಲ್ಲಿ."

ನನಗೆ ನಗು ಬಂತು. "ಚಂದ್ರಾ ಲೇಔಟಿಗೆ ಹೋಗಿ ಬರೋಷ್ಟರಲ್ಲೇ ನನ್ನ ಸೊಂಟ ಬಿದ್ದೋಗುತ್ತೆ. ಕೆನಡಾಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅವರು ನಗಲಿಲ್ಲ. "ನೀವು ಬರೋದು ಬೇಡಮ್ಮ. ನಾನೇ ಹೋಗ್ತೀನಿ. ನನಗೆ ಕಲಿಸಿಕೊಡಿ" ಅಂದರು.

ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹಾಕಿ ಮಲಗಿಸಿ ಬರೋದು ನನ್ನ ಕೆಲಸ. ನಮ್ಮ ಯಜಮಾನರು ಹೋದ ಮೇಲೆ ಹಿಡಿದಿದ್ದು. ಎಷ್ಟು ಮಕ್ಕಳು ನನ್ನ ಕಾಲ ಮೇಲೆ ಮಲಗಿ ಎದ್ದು ಹೋದವೋ ಲೆಕ್ಕ ಇಟ್ಟಿಲ್ಲ. ಆದರೆ ಕಲಿಸಿಕೊಡಿ ಅಂತ ಒಬ್ಬ ಗಂಡಸು ಬಂದು ನಿಂತಿದ್ದು ಅದೇ ಮೊದಲು. ಕೂರಿಸಿ ಕಾಫಿ ಕೊಟ್ಟೆ.

ಆಗ ಎಲ್ಲಾ ಹೇಳಿದರು. ಹೆಸರು ಕಾಂತರಾಜು. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮೆಷಿನ್ ಮುಂದೆ ನಿಂತು ನಿಂತೇ ವಯಸ್ಸಾಗಿ, ಈಗ ಕೆಲಸ ಬಿಟ್ಟಿದ್ದಾರೆ. ಹೆಂಡತಿ ಕಲಾವತಿ ಹಿಂದಿನ ವರ್ಷ ತೀರಿಕೊಂಡಿದ್ದಾಳೆ. ಇರೋದು ಒಬ್ಬಳೇ ಮಗಳು, ಕೀರ್ತನಾ. ಅಲ್ಲಿ ವಯಸ್ಸಾದವರನ್ನ ನೋಡಿಕೊಳ್ಳೋ ಒಂದು ಮನೆಯಲ್ಲಿ ನರ್ಸು. ಅಳಿಯ ಮಧುಕುಮಾರ್ ಅಲ್ಲೇ ದೊಡ್ಡ ಲಾರಿ ಓಡಿಸುತ್ತಾನೆ, ಒಂದು ಸಲ ಹೊರಟರೆ ವಾರಗಟ್ಟಲೆ ಮನೆ ಕಡೆ ಬರೋ ಹಂಗಿಲ್ಲ. ಅಳಿಯನ ತಾಯಿ ಕೆಂಗೇರಿಯಲ್ಲಿ ಲಕ್ವ ಹೊಡೆದು ಮಲಗಿದ್ದಾರೆ.

"ಮಗಳು ಏನಂತಾಳೆ?" ಅಂದೆ.

"ಯಾರೂ ಬೇಡ, ನಾನೇ ನೋಡ್ಕೋತೀನಿ ಅಂತಾಳೆ. ಅವರಮ್ಮ ಇದ್ದಿದ್ರೆ ಹಂಗಂತಿದ್ಲಾ?"

ಅದಕ್ಕೆ ನಾನೇನು ಹೇಳಲಿ? ನಾಳೆಯಿಂದ ಬನ್ನಿ ಅಂದೆ.

ಬಂದ. ನನಗಿಂತ ಹತ್ತು ವರ್ಷಕ್ಕೂ ಜಾಸ್ತಿ ಚಿಕ್ಕವನು, ಎರಡನೇ ದಿನಕ್ಕೇ ಅಕ್ಕಾ ಅಂದ, ನಾನೂ ನೀನು ಅಂದೆ. ಮಣೆ ಮೇಲೆ ಕೂತು ಎರಡೂ ಕಾಲು ಚಾಚಿ, ಮೊಣಕಾಲಿನ ಕೆಳಗೆ ಮಗು ಮಲಗೋ ಹಾಗೆ ಜೋಡಿಸಿಕೊಳ್ಳಬೇಕು. ಜನ್ಮವೆಲ್ಲ ನಿಂತೇ ಕೆಲಸ ಮಾಡಿದ ಕಾಲು, ಚಾಚಿದರೆ ಮಂಡಿ ಲಟಲಟ ಅನ್ನೋದು. ಮೊದಲು ದಿಂಬಿಗೆ ಟವೆಲ್ ಸುತ್ತಿ ಕೊಟ್ಟೆ. ಚೆನ್ನಾಗೇ ಹಿಡಿದ. ಆದರೆ ದಿಂಬು ಜಾರಲ್ಲವಲ್ಲ. ಎಣ್ಣೆ ಹಚ್ಚಿದ ಹಸುಗೂಸು ಮೀನಿನ ಹಾಗೆ ಜಾರುತ್ತೆ. ಅದಕ್ಕೇ ಒಂದು ಬೂದುಗುಂಬಳ ತರಿಸಿ, ಎಣ್ಣೆ ಸವರಿ, ಕಾಲ ಮೇಲೆ ಇಟ್ಟೆ.

"ಬಲಗೈಲಿ ನೀರು. ಎಡಗೈ ಮಗು ಬಿಟ್ಟು ಕದಲಬಾರದು. ಹೂಂ, ಈಗ ಮಗ್ಗುಲು ಮಾಡು."

ಮಗ್ಗುಲು ಮಾಡಿದ. ಕುಂಬಳಕಾಯಿ ಜಾರಿ ಬಚ್ಚಲ ಕಲ್ಲಿಗೆ ಬಿದ್ದು ಎರಡು ಹೋಳಾಯಿತು. ಪಕ್ಕದ ಮನೆ ಬಸವರಾಜೇಶ್ವರಿ ಬಾಗಿಲಲ್ಲೇ ನಿಂತಿದ್ದಳು. "ಒಳ್ಳೇದಾಯ್ತು ಬಿಡಣ್ಣಾ, ದೃಷ್ಟಿ ಹೋಯ್ತು! ಇನ್ನು ವೀಸಾ ಬಂದೇ ಬರುತ್ತೆ" ಅಂದಳು. ನಾನೂ ನಕ್ಕೆ. ಕಾಂತರಾಜು ಮಾತ್ರ ಆ ಹೋಳುಗಳನ್ನೇ ನೋಡ್ತಾ ಕೂತಿದ್ದ. ಅವನಿಗೆ ಅದು ಕಾಯಿಯಾಗಿ ಕಾಣಲಿಲ್ಲ. ಅವತ್ತು ಇನ್ನೊಂದು ಸಲ ಕೈ ಹಾಕೋಕೆ ಒಪ್ಪಲೇ ಇಲ್ಲ.

ಮಾರನೇ ದಿನ ತಾನೇ ಒಂದು ಕಾಯಿ ಕೊಂಡು ತಂದಿದ್ದ.

ಕೈ ಬೇರೆ ಉಪ್ಪುಕಾಗದದ ಹಾಗಿತ್ತು. ಆ ಕೈಲಿ ಮುಟ್ಟಿದರೆ ಮಗುವಿನ ಚರ್ಮ ಕೆಂಪಗಾಗುತ್ತೆ. ಹರಳೆಣ್ಣೆ ಹಚ್ಚು, ಬಿಸಿನೀರಲ್ಲಿ ನೆನೆಸು, ಸತ್ತ ಚರ್ಮ ಉಜ್ಜಿ ತೆಗಿ ಅಂತ ಹೇಳಿದೆ. ದಿನಾ ಬಂದ ಕೂಡಲೇ ಅಂಗೈ ಮುಂದೆ ಚಾಚೋನು. "ಆಯ್ತಾ ಅಕ್ಕಾ?" "ಇನ್ನೂ ಇಲ್ಲ." "ಈಗ?" "ಇನ್ನೂ ಸ್ವಲ್ಪ." ಅಡುಗೆ ಅವನಿಗೆ ಮೊದಲೇ ಬರೋದು. ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದು ಹಾಕೋದು, ಸಬ್ಬಸಿಗೆ ಸೊಪ್ಪಿನ ಪಲ್ಯ ಇಷ್ಟು ಹೇಳಿಕೊಟ್ಟೆ. ಮಗಳಿಗೆ ನೀರು ಹಾಕೋ ಮಾತು ಬಂದಾಗ ತಲೆ ತಗ್ಗಿಸಿದ. "ಅದು ನಿನ್ನ ಕೆಲಸ ಅಲ್ಲ ಕಣಪ್ಪಾ. ನೀರು ಬಿಸಿ ಮಾಡಿಟ್ಟು ಮಗೂನ ಎತ್ಕೊಂಡು ಈಚೆ ಬಾ. ಅವಳು ನೆಮ್ಮದಿಯಾಗಿ ಸ್ನಾನ ಮಾಡೋಷ್ಟು ಹೊತ್ತು ಮಗೂನ ಇಟ್ಕೊಂಡ್ರೆ ಸಾಕು, ಅದೇ ಬಾಣಂತನ" ಅಂದೆ. ಅದು ಅವನಿಗೆ ಎಷ್ಟು ಸಮಾಧಾನ ಆಯಿತು ಅಂದರೆ ಅವತ್ತು ಎರಡು ಸಲ ಕಾಫಿ ಕುಡಿದ.

ವೀಸಾಕ್ಕೆ ಹಾಕಿದ್ದು ವಿಜಯನಗರದಲ್ಲಿ ಅಂಥಾ ಅರ್ಜಿ ತುಂಬಿಕೊಡೋ ಸಿದ್ಧಾರ್ಥ ಅನ್ನೋ ಹುಡುಗನ ಅಂಗಡಿಯಲ್ಲಿ. ಬೆರಳಚ್ಚು ಕೊಟ್ಟು ಬಂದಾಗಿತ್ತು. ಇನ್ನು ಬರೀ ಕಾಯೋದು. ಕುಂಬಳಕಾಯಿ ಕಾಲ ಮೇಲಿದ್ದರೂ ಕಣ್ಣು ಕಿಟಕಿ ಮೇಲಿಟ್ಟ ಫೋನಿನ ಕಡೆಗೇ. ಟಿಣ್ ಅಂದರೆ ಸಾಕು, ಒದ್ದೆ ಕೈಯಲ್ಲೇ ಎದ್ದು ಓಡೋನು. ಯಾವುದೋ ಸಾಲ ಕೊಡ್ತೀವಿ ಅನ್ನೋ ಮೆಸೇಜು. "ಬೇಗ ಬಾ ಮಾರಾಯ, ನಿನ್ನ ಮಗೂಗೆ ನೆಗಡಿ ಆಗುತ್ತೆ" ಅಂತ ನಾನು ರೇಗಿಸಿದರೆ ನಗೋನು, ಆದರೆ ಕೂತ ಮೇಲೂ ಉಸಿರು ಸರಿಹೋಗ್ತಿರಲಿಲ್ಲ.

ಒಂದು ದಿನ ಅವನು ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಹೋಗ್ತಿರೋದನ್ನ ಬಸವರಾಜೇಶ್ವರಿ ನೋಡಿ ಬಂದು ಹೇಳಿದಳು. ಕೇಳಿದರೆ, ಬಾಪೂಜಿ ನಗರದಲ್ಲಿ ಭೋಗ್ಯಕ್ಕೆ ಹಾಕಿಕೊಂಡಿದ್ದ ಮನೆ ಬಿಟ್ಟನಂತೆ. ವೀಸಾ ಸಿಗಬೇಕಾದ್ರೆ ಬ್ಯಾಂಕಿನಲ್ಲಿ ದುಡ್ಡು ಕಾಣಬೇಕು ಅಂತ ಯಾರೋ ಅಂದಿದ್ದರಂತೆ. ಇವನ ಹತ್ತಿರ ಇದ್ದ ದುಡ್ಡೆಲ್ಲ ಆ ಭೋಗ್ಯದಲ್ಲೇ ಇತ್ತು. ಮನೆ ಖಾಲಿ ಮಾಡಿ, ದುಡ್ಡು ಬಿಡಿಸಿ, ಬ್ಯಾಂಕಿಗೆ ಹಾಕಿ, ಬ್ಯಾಂಕಿನ ಕಾಗದಾನ ಸಿದ್ಧಾರ್ಥನ ಕೈಲಿ ಕಳಿಸಿದ್ದ. ತಾನು ಸ್ನೇಹಿತನ ಮನೆ ತಾರಸಿಯ ಶೀಟಿನ ರೂಮಿಗೆ ಹೋಗಿದ್ದ.

"ಹೆಂಗೂ ಆರು ತಿಂಗಳು ಅಲ್ಲಿರ್ತೀನಲ್ಲ ಅಕ್ಕಾ. ಮನೆ ಬೀಗ ಹಾಕ್ಕೊಂಡು ಯಾಕಿರ್ಬೇಕು?"

ನನಗೂ ಸರಿ ಅನ್ನಿಸಿತು. ತಪ್ಪು ಅಂತ ಅನ್ನಿಸೋಕೆ ನಮಗೆ ಅಲ್ಲಿಯವರ ಲೆಕ್ಕ ಎಲ್ಲಿ ಗೊತ್ತು?

ಕೀರ್ತನಾಗೆ ಎಂಟು ತಿಂಗಳಾಗಿದ್ದಾಗ ವೀಸಾ ಇಲ್ಲ ಅಂತ ಬಂತು. ಅವನು ಒಬ್ಬನೇ ಹೋಗೋ ಸ್ಥಿತಿಯಲ್ಲಿರಲಿಲ್ಲ, ನಾನೂ ಜೊತೆಗೆ ಬಸ್ಸಿನಲ್ಲಿ ವಿಜಯನಗರಕ್ಕೆ ಹೋದೆ. ಸಿದ್ಧಾರ್ಥ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ ಓದಿ ಹೇಳಿದ.

"ಅಂಕಲ್, ನೀವು ಹೋದ್ರೆ ವಾಪಸ್ ಬರ್ತೀರ ಅಂತ ಅವರಿಗೆ ನಂಬಿಕೆ ಇಲ್ಲ. ಇಲ್ಲಿ ಹೆಂಡತಿ ಇಲ್ಲ, ಬೇರೆ ಮಕ್ಕಳಿಲ್ಲ, ಕೆಲಸ ಇಲ್ಲ. ಅದೂ ಅಲ್ದೆ, ಅಷ್ಟು ದುಡ್ಡು ಇದ್ದಕ್ಕಿದ್ದಂಗೆ ಎಲ್ಲಿಂದ ಬಂತು?"

"ಭೋಗ್ಯದ್ದು. ಮನೆ ಬಿಟ್ಟೆ."

"ಮನೆ ಬಿಟ್ರಾ? ಅಯ್ಯೋ, ನನ್ನ ಒಂದು ಮಾತು ಕೇಳ್ಬಾರ್ದಾ ಅಂಕಲ್? ಮನೆ ಖಾಲಿ ಮಾಡ್ಕೊಂಡು ಹೊರಟಿದಾರೆ ಅಂದ್ರೆ ಅವರು ಏನಂದ್ಕೋತಾರೆ? ಇಲ್ಲಿ ಹೆಂಡತಿ ಇರೋರಿಗೆ ಬೇಗ ಕೊಡ್ತಾರೆ. ಅವರಿಗೋಸ್ಕರ ವಾಪಸ್ ಬರ್ತಾರೆ ಅಂತ."

ಕಾಂತರಾಜು ಮೆಲ್ಲಗೆ, "ಹೆಂಡತಿ ಇದ್ದಿದ್ರೆ ನಾನ್ಯಾಕಪ್ಪಾ ಹೋಗ್ತಿದ್ದೆ? ಅವಳೇ ಹೋಗ್ತಿದ್ಲಲ್ಲ" ಅಂದ.

ಆ ಹುಡುಗ ಟೀ ತರಿಸಿದ. ಆಮೇಲೆ, ಇನ್ನೊಂದು ಸಲ ಹಾಕೋಣ, ಆದರೆ ಇಲ್ಲೊಂದು ಮನೆ ಇರಬೇಕು, ಕೆಲಸ ಇರಬೇಕು, ರಜೆ ಮುಗಿಸಿ ವಾಪಸ್ ಬರಬೇಕು ಅಂತ ಕೆಲಸ ಕೊಟ್ಟವರ ಕಾಗದ ಇದ್ದರೆ ಒಳ್ಳೇದು ಅಂದ.

ನಮ್ಮ ವಠಾರದ ಕೊನೇ ಮನೆ ಖಾಲಿ ಇತ್ತು. ನಾನೇ ಮಾಲೀಕರಿಗೆ ಹೇಳಿ ಬಾಡಿಗೆಗೆ ಕೊಡಿಸಿದೆ. ಕೆಲಸಕ್ಕೆ ಅವನು ತನ್ನ ಹಳೇ ಯಜಮಾನ ಈರಪ್ಪನ ಹತ್ತಿರ ಹೋದ. ಒಂದು ಕಾಗದ ಬರೆದುಕೊಡಿ ಸಾರ್, ಕೆಲಸದಲ್ಲಿದಾನೆ ಅಂತ, ಅಂದನಂತೆ. ಈರಪ್ಪ ಕನ್ನಡಕ ಹಣೆಗೇರಿಸಿ, "ಸುಳ್ಳು ಕಾಗದ ನನ್ನ ಕೈಲಿ ಬರೆಸ್ಬೇಡ ಕಾಂತ. ನಾಳೆಯಿಂದ ಬಂದು ಮೆಷಿನ್ ಹಿಡಿ. ನಿಜವಾದ ಕಾಗದಾನೇ ಕೊಡ್ತೀನಿ" ಅಂದರಂತೆ.

ಹಂಗೆ ಅವನು ಮತ್ತೆ ಲೇತ್ ಮುಂದೆ ನಿಂತ. ಹೋಗೋ ಸಲುವಾಗಿ ಇಲ್ಲೇ ಕಟ್ಟಿ ಹಾಕಿಸಿಕೊಂಡ ಹಾಗಾಯಿತು. ಅಷ್ಟು ದಿನ ಎಣ್ಣೆ ಹಚ್ಚಿ ಮೆತ್ತಗೆ ಮಾಡಿದ್ದ ಕೈ ಒಂದೇ ವಾರದಲ್ಲಿ ಮೊದಲಿನ ಹಾಗಾಯಿತು. ಕಬ್ಬಿಣದ ಚೂರು ಹೊಕ್ಕು ಹೆಬ್ಬೆರಳು ಬಾತುಕೊಂಡಿತ್ತು. ನಾನು ಸೂಜಿ ಕಾಯಿಸಿ ಚೂರು ತೆಗೆಯುವಾಗ, "ನೋಯ್ತಿದೆಯಾ?" ಅಂದೆ. "ಇದಲ್ಲ ಅಕ್ಕಾ. ಅವಳಿಗೆ ದಿನ ತುಂಬಿದೆ" ಅಂದ.

ಎರಡನೇ ಸಲ ಹಾಕಿದ್ದಕ್ಕೆ ಉತ್ತರ ಬರುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಮಗು. ವಠಾರಕ್ಕೆಲ್ಲ ಸಕ್ಕರೆ ಹಂಚಿದ, ಹಂಚುವಾಗಲೂ ಫೋನು ಜೇಬಿನಿಂದ ಇಣುಕ್ತಾ ಇತ್ತು. ಮಧುಕುಮಾರ್ ಇದ್ದ ರಜೆಯೆಲ್ಲ ಹಾಕಿ ಮನೆಯಲ್ಲಿದ್ದು, ಆಮೇಲೆ ಲಾರಿ ಹತ್ತಿದ. ಅವತ್ತಿನಿಂದ ಕಾಂತರಾಜುವಿನ ಮುಖ ನೋಡೋಕಾಗ್ತಿರಲಿಲ್ಲ. ವಿಡಿಯೋದಲ್ಲಿ ಮಗಳಿಗೆ ಎಡಗೈ ಹಿಂಗಿಡು, ನೀರು ಹಂಗೆ ಹಾಕು ಅಂತ ಹೇಳೋಕೆ ಹೋದ. "ಇಲ್ಲಿ ಹಂಗೆಲ್ಲ ಮಾಡಲ್ಲಪ್ಪಾ. ಬಟ್ಟೆಲಿ ಒರೆಸ್ತಾರೆ ಅಷ್ಟೆ. ಆಮೇಲೆ ಮಾಡ್ತೀನಿ, ಇಡು" ಅಂತ ಅವಳು ಇಟ್ಟುಬಿಟ್ಟಳು.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಈರಪ್ಪನ ಕಾರ್ಖಾನೆಯಿಂದ ಸೀದಾ ನಮ್ಮ ಮನೆಗೆ ಬಂದ. ಹೆಲ್ಮೆಟ್ ಕೂಡ ತೆಗೆದಿರಲಿಲ್ಲ.

"ಫೋನ್ ಮಾಡಿದ್ಲು ಅಕ್ಕಾ. ಏನೂ ಮಾತಾಡ್ಲಿಲ್ಲ. ಬರೀ ಅಳ್ತಿದ್ಲು. ಮಗೂನೂ ಅಳ್ತಿತ್ತು. ಏನಾಯ್ತು ಅಂದ್ರೆ ಏನಿಲ್ಲ ಅಂತಾಳೆ. ಹೊಟ್ಟೆಗೆ ತಿಂದ್ಯಾ ಅಂದೆ. ಅದಕ್ಕೆ ಇನ್ನೂ ಜಾಸ್ತಿ ಅತ್ಲು."

"ಎಳೇ ಬಾಣಂತೀರಿಗೆ ಅಳು ಬರುತ್ತೆ ಕಣಪ್ಪಾ. ಕಾರಣ ಅವರಿಗೂ ಗೊತ್ತಿರಲ್ಲ. ಪಕ್ಕದಲ್ಲಿ ಒಬ್ರು ಸುಮ್ಮನೆ ಕೂತಿದ್ರೆ ತಾನಾಗೇ ಹೋಗುತ್ತೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಪಕ್ಕದಲ್ಲಿ ಕೂರೋಕೇ ಅಲ್ಲವಾ ಅವನು ಇಷ್ಟು ಒದ್ದಾಡ್ತಿದ್ದದ್ದು? ಹಂಗೇ ಬಿಟ್ಟರೆ ಅಪಾಯ ಅನ್ನಿಸಿ, ಅಲ್ಲಿನ ಡಾಕ್ಟರಿಗೆ ಹೇಳೋಕೆ ಹೇಳು, ಅಳಿಯನಿಗೂ ಈಗ್ಲೇ ಫೋನ್ ಮಾಡು ಅಂದೆ. ಮಾಡಿದ. ಮಧುಕುಮಾರ್ ಎಲ್ಲೋ ದಾರಿಯಲ್ಲಿದ್ದವನು, ಅವರ ಬಿಲ್ಡಿಂಗಿನಲ್ಲಿರೋ ಒಬ್ಬ ಪಂಜಾಬಿ ಹೆಂಗಸಿಗೆ ಹೇಳಿ ಅವಳನ್ನ ಮನೆಗೆ ಕಳಿಸಿದ. ಆ ಹೆಂಗಸು ದಿನಾ ಬಂದು ಹೋಗೋಕೆ ಶುರು ಮಾಡಿದಳಂತೆ. ಒಂದು ದಿನ ಅವಳು ಮಗುವನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕೋ ಫೋಟೋ ಬಂತು. ಕಾಂತರಾಜು ನನಗೆ ತೋರಿಸಿದ. "ಚೆನ್ನಾಗಿ ಹಿಡಿದಿದಾಳೆ, ಅಲ್ವಾ ಅಕ್ಕಾ?" ಅಂದ. ಚೆನ್ನಾಗೇ ಹಿಡಿದಿದ್ದಳು. ಅವನು ಖುಷಿಪಡಬೇಕೋ ಹೊಟ್ಟೆ ಉರಿಸಿಕೊಳ್ಳಬೇಕೋ ಗೊತ್ತಾಗದೆ ಫೋನನ್ನ ಜೇಬಿಗೆ ಹಾಕೋದು, ಮತ್ತೆ ತೆಗೆಯೋದು ಮಾಡ್ತಿದ್ದ.

ಮಗು ಕತ್ತು ನಿಲ್ಲಿಸಿ ನಗೋ ಹೊತ್ತಿಗೆ, ಪಾಸ್‌ಪೋರ್ಟ್ ಕಳಿಸಿ ಅಂತ ಮೆಸೇಜ್ ಬಂತು. ಹಾಗಂದರೆ ವೀಸಾ ಆದ ಹಾಗೆ ಅಂತ ಸಿದ್ಧಾರ್ಥ ಹೇಳಿದ. ವಠಾರದವರೆಲ್ಲ ಕೂಗಾಡಿದರು. ಕಾಂತರಾಜು ಮಗಳಿಗೆ ಫೋನ್ ಮಾಡಿದ, ನಾನು ಪಕ್ಕದಲ್ಲೇ ಇದ್ದೆ.

"ವೀಸಾ ಆಯ್ತು ಕಣಮ್ಮಾ. ಬರ್ತಾ ಇದೀನಿ."

ಆ ಕಡೆಯಿಂದ "ಬಾಪ್ಪಾ. ಆದ್ರೆ ಕಷ್ಟಪಟ್ಕೊಂಡು ಬರ್ಬೇಡ. ಈಗ ನನಗೆಲ್ಲಾ ಅಭ್ಯಾಸ ಆಗಿದೆ" ಅಂದಳು.

ಅವನು ಹೂಂ ಅಂದ. ಫೋನ್ ಇಟ್ಟ ಮೇಲೂ ಎರಡು ಸಲ ಹೂಂ ಅಂದ.

ಆಮೇಲಿನ ದಿನಗಳಲ್ಲಿ ಅವನಿಗೆ ಬೇರೆ ತರದ ಭಯ ಹತ್ತಿತು. ಮೊದಲಾದರೆ ಹೋಗೋಕಾಗಲ್ಲ ಅನ್ನೋ ಭಯ. ಈಗ ಹೋದರೆ ಅಲ್ಲಿ ತಾನು ಬೇಡವಾಗಿದ್ದರೆ ಅನ್ನೋದು. ಪೆಟ್ಟಿಗೆ ತುಂಬೋನು, ತೆಗೆಯೋನು. ಬೆಳ್ಳುಳ್ಳಿ, ಮೆಣಸಿನ ಪುಡಿ ಯಾಕೆ, ಬಾಣಂತನ ಮುಗಿದೇ ಹೋಯ್ತಲ್ಲ ಅನ್ನೋನು. "ತಗೊಂಡು ಹೋಗು, ಸಾರು ಮಾಡಿದ್ರೆ ಯಾರು ಬೇಡ ಅಂತಾರೆ" ಅಂತ ನಾನೇ ತುಂಬಿದೆ. ಈರಪ್ಪ ರಜೆ ಕೊಟ್ಟರು. ಹೊರಡೋವರೆಗೂ ಹರಳೆಣ್ಣೆ ಬಿಡಬೇಡ ಅಂದೆ, ಬಿಡಲಿಲ್ಲ.

ಏರ್‌ಪೋರ್ಟಿಗೆ ಹೋಗೋ ಕಾರು ಬಂದಾಗ ಸಂಜೆ. ಬಸವರಾಜೇಶ್ವರಿಯ ಗಂಡ ಪೆಟ್ಟಿಗೆ ಡಿಕ್ಕಿಗೆ ಇಟ್ಟ. ಕಾಂತರಾಜು ಎಲ್ಲರಿಗೂ ಬರ್ತೀನಿ ಅಂತ ಹೇಳಿ, ಕಾರಿನಲ್ಲಿ ಕೂತು, ಮತ್ತೆ ಬಾಗಿಲು ತೆಗೆದು ಇಳಿದು ನನ್ನ ಹತ್ತಿರ ಬಂದ. ಡ್ರೈವರ್ ಹಾರನ್ ಒತ್ತಿದ. ಇವನಿಗೆ ಅದು ಕೇಳಿಸಲಿಲ್ಲ.

"ಅವಳು ಮದುವೆಯಾಗಿ ಹೋಗುವಾಗ್ಲೂ ನಾನು ಅವಳ ತಲೆ ಮುಟ್ಟಿದ್ದಷ್ಟೇ ಅಕ್ಕಾ" ಅಂದ. "ಈಗ ಮಗೂನ ಎತ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ. ನಾನು ಮೊದ್ಲು ಯಾರಿಗೆ ಕೈ ಚಾಚ್ಬೇಕು, ಮಗೂಗಾ, ಅವಳಿಗಾ?"