ಇಟಾಲಿಯನ್‌ಗೆ ನಾನು ಹಾಕಿದ ಪ್ರಸ್ತಾರ

1998ರಲ್ಲಿ ನಾನು ತುಮಕೂರಿನ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ಅಂಚೆ ಮೂಲಕ ಇಟಾಲಿಯನ್ ಕಲಿತಿದ್ದೆ. ಸಂಜೆ ಮರಳೂರಿನ ನಮ್ಮ ಮನೆಯಲ್ಲಿ, ಇಟಲಿಯ ಕೆಲಸಕ್ಕೆ ಅರ್ಜಿ ಹಾಕಿದ ನರ್ಸ್‌ಗಳಿಗೆ ಪಾಠ ಹೇಳುತ್ತಿದ್ದೆ. ಜಿಲ್ಲೆಗೆಲ್ಲ ಆ ಭಾಷೆ ಬಲ್ಲವಳು ನಾನೊಬ್ಬಳೇ ಎಂಬ ಜಂಬವೂ ಇತ್ತು.

ಕನ್ನಡ ಪಾಠದ ಚಾಳಿ ಎಲ್ಲಿ ಹೋಗುತ್ತದೆ? ಕ್ರಿಯಾಪದಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಷಟ್ಪದಿಗೆ ಹಾಕುವಂತೆ ಪ್ರಸ್ತಾರ ಹಾಕುತ್ತಿದ್ದೆ. ಒತ್ತಿ ಹೇಳುವ ಅಕ್ಷರಕ್ಕೆ ಗುರು, ಮಿಕ್ಕವಕ್ಕೆ ಲಘು. ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರಕ್ಕೆ ಎಂದಿತ್ತು ಪುಸ್ತಕ. ನಾನು ಎಲ್ಲಕ್ಕೂ ಅಲ್ಲೇ ಗುರು ಹಾಕಿದೆ. ಹುಡುಗಿಯರು ತಾಳ ತಟ್ಟಿ ರಾಗವಾಗಿ ಒಪ್ಪಿಸುತ್ತಿದ್ದರು.

ಅವರಲ್ಲಿ ಕೊತ್ತಗೆರೆಯ ನಾಗರತ್ನ ಚುರುಕು. ಗುಬ್ಬಿಯಲ್ಲಿ ನರ್ಸ್ ಆಗಿದ್ದಳು. ಅಲ್ಲಿ ಬೇಕರಿ ಇಟ್ಟಿದ್ದ ಅನ್ವರ್ ಸಾಹೇಬರು ಎಂಟು ವರ್ಷ ಇಟಲಿಯ ಹೋಟೆಲೊಂದರಲ್ಲಿ ದುಡಿದು ಬಂದವರು. ಅವಳು ಅವರೊಡನೆ ಮಾತಾಡಿ ಕಲಿಯತೊಡಗಿದಳು ಎಂದು ಗೊತ್ತಾದಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಹತ್ತನೇ ಕ್ಲಾಸೂ ಪಾಸಾಗದ ಮನುಷ್ಯ! ಜಗಳಕ್ಕೆಂದೇ ಬಸ್ಸು ಹತ್ತಿ ಗುಬ್ಬಿಗೆ ಹೋದೆ.

ಸಾಹೇಬರು ಚಹಾ ತರಿಸಿ, ಅವಳು ಅಲ್ಲೇ ಬಿಟ್ಟುಹೋಗಿದ್ದ ನೋಟ್‌ಬುಕ್ ತಿರುವಿ ಹಾಕಿದರು. “ಗೆರೆ ಎಲ್ಲಾ ಅಚ್ಚುಕಟ್ಟಾಗೈತೆ ಮೇಡಂ. ಆದ್ರೆ ಆ ಜನ ಹಿಂಗೆ ಹಾಡ್ಕೊಂಡು ಮಾತಾಡಲ್ಲ” ಎಂದರು. ‘ಕೆಲಸ ಮಾಡುತ್ತಾರೆ’ ಎನ್ನುವ ಲ-ವೊ-ರ-ನೊ ಪದದಲ್ಲಿ ಒತ್ತು ವೊ ಮೇಲೆ ಎಂದು ಹೇಳಿ ತೋರಿಸಿದರು. ನಾನು ರ ಮೇಲೆ ಹಾಕಿದ್ದೆ. ಮನೆಗೆ ಬಂದು ಪುಸ್ತಕ ನೋಡಿದರೆ, ಅವರು ಹೇಳಿದ್ದೇ ಸರಿ. ಆದರೂ ತಿದ್ದಲಿಲ್ಲ. ನಾಗರತ್ನಳನ್ನು ಕರೆದು, ಒಂದೋ ಅವರ ಹತ್ತಿರ ಹೋಗು, ಇಲ್ಲ ನನ್ನ ಹತ್ತಿರ ಬಾ ಎಂದೆ. ಪಾಪ, ನನ್ನ ಹತ್ತಿರವೇ ಉಳಿದಳು.

ಸಂದರ್ಶನ ನಡೆದದ್ದು ಫೋನಿನಲ್ಲಿ. ಆ ಕಡೆಯ ಹೆಂಗಸು ಮೂರು ಸಲ “ಮತ್ತೆ ಹೇಳಿ” ಎಂದಳಂತೆ. ಮೂರು ಸಲವೂ ನಾಗರತ್ನ ಅದೇ ರಾಗದಲ್ಲಿ ಹೇಳಿದಳು. ಕೆಲಸ ತಪ್ಪಿತು.

ಅವಳು ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. “ನೀವು ಹೇಳ್ಕೊಟ್ಟಂಗೇ ಹೇಳ್ದೆ ಮಿಸ್” ಎಂದಳು, ಅಷ್ಟೇ. ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ಪುಸ್ತಕ ನೋಡಿದ್ದನ್ನು ಅವಳಿಗೆ ಹೇಳಿ, ಮರುದಿನ ನಾನೇ ಅವಳನ್ನು ಬೇಕರಿಗೆ ಕರೆದುಕೊಂಡು ಹೋದೆ. ನಾಲ್ಕು ತಿಂಗಳು ಇಬ್ಬರೂ ಅಲ್ಲಿ ಕಲಿತೆವು. ಎರಡನೇ ಸಂದರ್ಶನದಲ್ಲಿ ಆಯ್ಕೆಯಾದಳು. ಇಟಲಿಯಿಂದ ಅವಳ ಮೊದಲ ಫೋನು ಬಂದದ್ದು ಸಾಹೇಬರ ಅಂಗಡಿಗೆ, ನಮ್ಮ ಮನೆಗಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮೇಷ್ಟ್ರಿಗೆ ಹೊಟ್ಟೆಕಿಚ್ಚು ಬರುತ್ತದೆ. ಅದರ ಫಲಿತಾಂಶ ಮಾತ್ರ ಮಕ್ಕಳ ಹೆಸರಿನಲ್ಲಿ ಬರುತ್ತದೆ.