ನಾಟಕದ ಮೇಡಂ ಮತ್ತು ಜಗಳ ಬಿಡಿಸುವವರು

ಕೊಪ್ಪಳ ಜಿಲ್ಲೆಯಲ್ಲಿ ನನಗೊಂದು ಹೆಸರು ಬಿದ್ದಿದೆ: ನಾಟಕದ ಮೇಡಂ. ನಾನು ಮುಖಕ್ಕೆ ಬಣ್ಣ ಹಚ್ಚಿದವಳಲ್ಲ, ರಂಗ ಏರಿದವಳೂ ಅಲ್ಲ. ಅಂಗಡಿ, ಆಸ್ಪತ್ರೆ, ಗೋದಾಮುಗಳ ನೌಕರರಿಗೆ ಜನರ ಜೊತೆ ಹೇಗೆ ಮಾತನಾಡಬೇಕು ಎಂದು ತರಬೇತಿ ಕೊಡುವುದು ನನ್ನ ಉದ್ಯೋಗ. ಅದರಲ್ಲಿ ಅರ್ಧ ಪಾತ್ರಾಭಿನಯ. ಒಬ್ಬರು ಗಿರಾಕಿ, ಒಬ್ಬರು ನೌಕರ. ಎದುರುಬದುರು ಕುರ್ಚಿ ಹಾಕಿ, ನಿಜವಾದ ತಕರಾರು ಬರುವ ಮುಂಚೆ ಸುಳ್ಳು ತಕರಾರಿನಲ್ಲಿ ಪಳಗುವುದು. ಆದರೆ ನಮ್ಮ ಕಡೆ ‘ಪಾತ್ರ’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಜನಕ್ಕೆ ಮೈಯಲ್ಲಿ ಹುರುಪು ಬರುತ್ತದೆ. ಯಲಬುರ್ಗಾದ ಒಂದು ಬೀಜದ ಅಂಗಡಿಯಲ್ಲಿ ಗಿರಾಕಿಯ ಪಾತ್ರ ಸಿಕ್ಕವನು ಊಟದ ಬಿಡುವಿನಲ್ಲಿ ಮನೆಗೆ ಹೋಗಿ, ಮೀಸೆ ಬರೆದುಕೊಂಡು, ಹೆಗಲಿಗೆ ಶಲ್ಯ ಹಾಕಿಕೊಂಡು ಬಂದ. “ಹಾರ್ಮೋನಿಯಂ ನುಡಸಾಕ ಪೇಟಿ ಮಾಸ್ತರನ್ನ ಕರಸೂಣೇನ್ರಿ?” ಎಂದು ಇನ್ನೊಬ್ಬ ಕೇಳಿದ. ಬೀಜ ಮೊಳೆಯಲಿಲ್ಲ ಎಂಬ ದೂರನ್ನು ಮೀಸೆಯವನು ಎಷ್ಟು ರಾಗವಾಗಿ ಹೇಳಿದನೆಂದರೆ ಅಂಗಡಿಯ ಮಾಲೀಕರು ಕಣ್ಣೊರೆಸಿಕೊಂಡರು. ತರಬೇತಿ ಆಗಲಿಲ್ಲ, ಮನರಂಜನೆ ಭರ್ಜರಿಯಾಯಿತು.

ಕುಷ್ಟಗಿಯಲ್ಲಿ ಇದರ ಉಲ್ಟಾ. ಅಲ್ಲಿ ನಾನು ಮುದ್ರಿಸಿದ ಸಂಭಾಷಣೆ ಒಯ್ದಿದ್ದೆ. “ಮಾನ್ಯರೇ, ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ” ಎಂದು ಒಬ್ಬಳು ಓದಿ, ಹಾಳೆ ಕೆಳಗಿಟ್ಟು, “ಹಿಂಗ ಮಾತಾಡಿದ್ರ ನಮ್ಮವ್ವನೂ ನನ್ನ ನಂಬಂಗಿಲ್ರಿ” ಎಂದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ಅವತ್ತು ನಗು ಬಂತು. ಅಲ್ಲಿಂದ ಮುಂದೆ ಸಂದರ್ಭ ಮಾತ್ರ ನನ್ನದು, ಮಾತು ಅವರದು.

ಇಷ್ಟು ಕಲಿತ ಮೇಲೆ ಇನ್ನು ನನಗೇನೂ ಬಾಕಿ ಇಲ್ಲ ಎಂಬ ಜಂಬದಲ್ಲೇ ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ವ್ಯವಸ್ಥಾಪಕರು ನನ್ನನ್ನು ಪಕ್ಕಕ್ಕೆ ಕರೆದು, ಹೊರರೋಗಿಗಳ ಕೌಂಟರ್‌ನಲ್ಲಿ ಕುಳಿತಿದ್ದ ಹುಡುಗಿಯನ್ನು ತೋರಿಸಿದರು. ಹನುಮನಹಳ್ಳಿಯವಳು, ಹೊಸಬಳು. “ಹುಡುಗಿ ಭಾಳ ಛಲೋ ಅದಾಳ್ರಿ. ಕಂಪ್ಯೂಟರ್ ಎಲ್ಲಾ ಬರ್ತೈತಿ. ಆದ್ರ ಎದುರಿಗಿದ್ದವರು ಸಿಟ್ಟಾದ್ರ ಬಾಯಿ ಕಟ್ಟಿಬಿಡತೈತಿ. ಇವತ್ತ ನಿಮ್ಮ ತರಬೇತ್ಯಾಗ ನೋಡ್ತೀನಿ. ಮಾತಾಡಿದಳು ಅಂದ್ರ ಕಾಯಂ ಮಾಡ್ತೀನಿ. ಇಲ್ಲಾಂದ್ರ ಬ್ಯಾರೆಯವರನ್ನ ನೋಡಬೇಕಾಕ್ಕೈತಿ.”

ಈ ವಿಷಯ ಅವಳಿಗೂ ಗೊತ್ತಿತ್ತು. ಚಹಾ ಕುಡಿಯುವಾಗ ತಾನೇ ಹೇಳಿದಳು. ಅವರ ಮನೆಯಲ್ಲಿ ತಿಂಗಳ ಸಂಬಳ ತಂದವರಲ್ಲಿ ಅವಳೇ ಮೊದಲಿಗಳು. “ಈ ಕೆಲಸ ಹೋದ್ರ ಮತ್ತ ಆಡಿನ ಹಿಂದ ಹೋಗಬೇಕ್ರಿ. ಆಡೂ ಸಿಟ್ಟಾಗತಾವ, ಆದ್ರ ಅವಕ್ಕ ಉತ್ತರ ಕೊಡಬೇಕಂತ ಇಲ್ಲ ನೋಡ್ರಿ.” ನಗುತ್ತಲೇ ಹೇಳಿದಳು, ಆದರೆ ಅರ್ಧ ಕುಡಿದ ಚಹಾ ಹಾಗೇ ಕೆಳಗಿಟ್ಟಳು. ನನಗೆ ಅವಳು ಅಲ್ಲೇ ಇಷ್ಟವಾದಳು. ಇಷ್ಟು ಚುರುಕು ಬಾಯಿಯವಳು ಕೌಂಟರ್‌ನಲ್ಲಿ ಯಾಕೆ ಮೂಕಳಾಗುತ್ತಾಳೆ ಎಂಬುದೇ ತಿಳಿಯಲಿಲ್ಲ.

ಸಂದರ್ಭ ಹೇಳಿದೆ. ಮಗ ಮುಂಜಾನೆಯೇ ತಾಯಿಯನ್ನು ಕರೆತಂದಿದ್ದಾನೆ, ಡಾಕ್ಟರು ಇನ್ನೂ ನೋಡಿಲ್ಲ. ಮಗನ ಪಾತ್ರಕ್ಕೆ ವಾರ್ಡಿನ ಅಟೆಂಡರು, ಆರಡಿ ಆಳು. ಬಂದವನೇ ಮೇಜು ಗುದ್ದಿದ. “ಏನ್ರೀ ಇದು, ದವಾಖಾನಿನೋ, ದನದ ಕೊಟಗಿನೋ?” ಹುಡುಗಿ ಬಾಯಿ ತೆರೆದಳು. ಅಷ್ಟರಲ್ಲಿ ತರಬೇತಿಗೆಂದು ಕುಳಿತಿದ್ದ ಆಸ್ಪತ್ರೆಯ ಔಷಧಿ ಅಂಗಡಿಯವರು ಕುರ್ಚಿಯಿಂದ ಎದ್ದರು. ಆಂಬುಲೆನ್ಸ್ ಡ್ರೈವರ್ ಎದ್ದ. ಚಹಾ ಕೊಡಲೆಂದು ಬಂದಿದ್ದ ಕ್ಯಾಂಟೀನಿನವರು ತಟ್ಟೆ ಕೆಳಗಿಟ್ಟು ನಡುವೆ ಬಂದರು. “ಇರ್ಲಿ ಬಿಡ್ರಿ ಅಣ್ಣಾರ.” “ಹೆಣ್ಮಗಳದಾಳ, ಸಮಾಧಾನ ಮಾಡ್ಕೋರಿ.” “ಬರ್ರಿ, ಒಂದ್ ಚಾ ಕುಡಿಯೂಣು.” ಆರಡಿ ಮಗನ ಎರಡೂ ರಟ್ಟೆ ಹಿಡಿದು ಹೊರಗೆ ಕರೆದೊಯ್ದರು. ಅವನೂ ಸಮಾಧಾನವಾಗಿ ಹೋದ. ಹುಡುಗಿ ತೆರೆದ ಬಾಯಿಯಲ್ಲೇ ಕುಳಿತಿದ್ದಳು.

ನಮ್ಮ ಸೀಮೆಯಲ್ಲಿ ಯಾವ ಜಗಳವನ್ನೂ ಇಬ್ಬರಿಗೇ ಬಿಡುವುದಿಲ್ಲ. ಬಸ್ಸಿನಲ್ಲಿ ದನಿ ಏರಿದರೆ ಸಾಕು, ಎಲ್ಲಿಂದಲೋ ನಾಲ್ಕು ಕೈ ನಡುವೆ ಬರುತ್ತವೆ. ಹುಲಿಗಿಯ ದೇವಿ ಗುಡಿಯ ಮುಂದೆ ಹುಣ್ಣಿಮೆಯ ಗದ್ದಲದಲ್ಲಿ ಒಬ್ಬ ಆಟೋದವನ ಮೇಲೆ ನಾನು ಹರಿಹಾಯ್ದಾಗ ನನ್ನ ಮರ್ಯಾದೆ ಉಳಿಸಿದ್ದೂ ಇಂಥ ಅಪರಿಚಿತರೇ. ಒಳ್ಳೆಯ ರೂಢಿ, ನನಗೆ ಅದರ ಮೇಲೆ ಪ್ರೀತಿಯಿದೆ. ಆದರೆ ತರಬೇತಿಯ ಕೋಣೆಯಲ್ಲಿ ಅದನ್ನು ಏನು ಮಾಡುವುದು?

ಯಾರೂ ಏಳಬೇಡಿ ಎಂದು ತಾಕೀತು ಮಾಡಿ ಮತ್ತೆ ಆಡಿಸಿದೆ. ಮತ್ತೆ ಎದ್ದರು. “ಕಣ್ಣೆದುರಿಗೆ ಜಗಳ ನಡದಾಗ ಸುಮ್ನ ಕುಂತ್ರ ಪಾಪ ಅಲ್ಲೇನ್ರಿ?” ಎಂದ ಡ್ರೈವರ್. “ಇದು ಸುಳ್ಳು ಜಗಳಾರೀ!” ಎಂದು ನಾನು ಚೀರಿದೆ. ನನ್ನ ದನಿ ಏರಿದ್ದೇ ತಡ, ಔಷಧಿ ಅಂಗಡಿಯವರು ನನ್ನ ಕಡೆ ಬಂದರು. “ಮೇಡಂ, ತ್ರಾಸ ಮಾಡ್ಕೋಬ್ಯಾಡ್ರಿ, ನೀರು ಕುಡೀರಿ.”

ಕುಡಿದೆ. ಅಷ್ಟರಲ್ಲಿ ವ್ಯವಸ್ಥಾಪಕರು ಬಗ್ಗಿ ನನ್ನ ಕಿವಿಯಲ್ಲಿ, “ಒಂದ್ ಮಾತೂ ಬರ್ಲಿಲ್ಲಲ್ರಿ ಅಕೀಗೆ” ಎಂದರು. ಹುಡುಗಿಗೆ ಅದು ಕೇಳಿಸಿತು, ಮುಖ ಸಣ್ಣದಾಯಿತು. ಆಗಲೇ ನನ್ನ ತಲೆಗೆ ಹೊಳೆಯಿತು. ಇವಳ ಬಾಯಿ ಕಟ್ಟುವುದಲ್ಲ, ಇವಳ ಸರದಿ ಬರುವುದೇ ಇಲ್ಲ. ನಿಜವಾದ ಕೌಂಟರ್‌ನಲ್ಲೂ ಇದೇ ಮಂದಿ, ಇದೇ ಪ್ರೀತಿಯಿಂದ ಇವಳ ಮಾತನ್ನು ತಾವೇ ಆಡುತ್ತಿದ್ದಾರೆ.

ಜಗಳ ಬಿಡಿಸುವವರಿಗೆ ಸುಮ್ಮನಿರಿ ಎಂದರೆ ಆಗುವುದಿಲ್ಲ, ಬೇರೆ ಕೆಲಸ ಕೊಡಬೇಕು. ಔಷಧಿ ಅಂಗಡಿಯವರಿಗೆ ಪಾತ್ರ ಮಾಡುವವರ ದನಿ ಗಮನಿಸಲು ಹೇಳಿದೆ, ಡ್ರೈವರ್‌ಗೆ ಕೈಗಳನ್ನು ನೋಡಲು, ಕ್ಯಾಂಟೀನಿನವರಿಗೆ ಮುಖ ನೋಡಲು. ಆಟ ಮುಗಿದ ಮೇಲಷ್ಟೇ ಬಾಯಿ ತೆರೆಯಬೇಕು, ಮೊದಲು ಚೆನ್ನಾಗಿದ್ದದ್ದನ್ನೇ ಹೇಳಬೇಕು. ಆಮೇಲೆ ಪಾತ್ರ ಅದಲುಬದಲು ಮಾಡಿದೆ. ಅಟೆಂಡರು ಕೌಂಟರ್‌ನಲ್ಲಿ, ಹುಡುಗಿ ಅಪ್ಪನನ್ನು ಕರೆತಂದು ಸಿಟ್ಟಾದ ಮಗಳು.

ಅವಳು ವೇಲನ್ನು ಬಿಗಿಯಾಗಿ ಕಟ್ಟಿಕೊಂಡು ಬಂದಳು. “ನಮ್ಮಪ್ಪ ಗೋಡಿಗೆ ಒರಗಿ ಕುಂತಾನ. ನಾ ಬಂದು ಕೇಳಿದ್ರ ಕೂಡ್ರು ಅಂತೀರಿ. ಎಷ್ಟೊತ್ತು ಕೂಡ್ರಬೇಕು? ಮನಿಗೆ ಹೋಗಿ ಬರ್ಲೋ, ಇಲ್ಲೇ ಇರ್ಲೋ? ನಾವೇನು ಮನಷ್ಯಾರಲ್ಲೇನು? ಹೇಳ್ರಿ, ಬಾಯಿ ಇಲ್ಲೇನು ನಿಮಗ?” ಆರಡಿ ಆಳು “ಅದೂ... ಡಾಕ್ಟರು... ಅದೂ...” ಎಂದು ತಡವರಿಸಿದ. ಡ್ರೈವರ್ ಅರ್ಧ ಎದ್ದ, ತನ್ನ ಕೆಲಸ ನೆನಪಾಗಿ, ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ. ಮುಗಿದಾಗ ಎಲ್ಲರೂ ಚಪ್ಪಾಳೆ ಹೊಡೆದರು.

ಚಪ್ಪಾಳೆಗೇ ನಿಲ್ಲಿಸಿಬಿಟ್ಟರೆ ಅದು ನಾಟಕ. ತರಬೇತಿ ಶುರುವಾಗುವುದು ಆಮೇಲೆ. ಅವಳನ್ನು ಕೂರಿಸಿ ಕೇಳಿದೆ, ಆ ಮಗಳಿಗೆ ನಿಜಕ್ಕೂ ಏನು ಬೇಕಾಗಿತ್ತು? ವೇಲಿನ ಗಂಟು ಸಡಿಲಿಸುತ್ತ ಹೇಳಿದಳು: “ಡಾಕ್ಟರು ಬರಲಿಲ್ಲಂತ ಸಿಟ್ಟಲ್ರಿ ಮೇಡಂ. ಯಾವಾಗ ಬರ್ತಾರಂತ ಯಾರೂ ಹೇಳಲಿಲ್ಲಲ್ಲ, ಅದಕ್ಕ ಸಿಟ್ಟು.”

ವ್ಯವಸ್ಥಾಪಕರು ಏನನ್ನೋ ಬರೆದುಕೊಂಡರು. ಆದರೆ ಸಿಟ್ಟಾಗಲು ಬಂತು, ಸಿಟ್ಟಿಗೆ ಉತ್ತರ ಕೊಡಲು ಬರುತ್ತದೆಯೇ ಎಂಬ ಅನುಮಾನ ಅವರ ಮುಖದ ಮೇಲೆ ಹಾಗೇ ಇತ್ತು.

ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಮರಳಿದರು. ನಾನು ಕೌಂಟರ್ ಹತ್ತಿರದ ಬೆಂಚಿನ ಮೇಲೆ ಮಜ್ಜಿಗೆ ಕುಡಿಯುತ್ತಿದ್ದೆ, ವ್ಯವಸ್ಥಾಪಕರು ಪಕ್ಕದಲ್ಲಿದ್ದರು. ಆಗ ಒಬ್ಬ ರೈತ ಬಂದ, ಇದು ಪಾತ್ರವಲ್ಲ. ಹೆಂಡತಿಯ ಮುಂಗೈ ಮುರಿದಿತ್ತು, ಬಂದು ಎರಡು ತಾಸಾಗಿತ್ತು. ಗಾಜಿಗೆ ಬಡಿದು ಒದರತೊಡಗಿದ. ನಾಲ್ಕೂ ದಿಕ್ಕಿನಿಂದ ನಮ್ಮ ಸಮಾಧಾನದ ಮಂದಿ ಹೊರಟರು. ಅಟೆಂಡರು ಆಗಲೇ ಅವನ ಹೆಗಲ ಮೇಲೆ ಕೈ ಇಟ್ಟಿದ್ದ.

ಹುಡುಗಿ ಎದ್ದು ನಿಂತು ಅಂಗೈ ಎತ್ತಿದಳು. “ನಿಂದರ್ರಿ ಅಣ್ಣಾರ. ಅವರು ನನ್ನ ಕೂಡ ಮಾತಾಡಾಕತ್ಯಾರ.”

ಎಲ್ಲರೂ ನಿಂತಲ್ಲೇ ನಿಂತರು. ಅವಳು ರೈತನ ಕಡೆ ತಿರುಗಿದಳು. “ಡಾಕ್ಟರು ಆಪರೇಶನ್ದಾಗ ಅದಾರ್ರಿ ಯಜಮಾನ್ರ. ಇನ್ನೂ ಒಂದು ತಾಸು ಹಿಡೀತೈತಿ. ಅಕ್ಕಾರನ್ನ ಒಳಗ ಮಲಗಸ್ತೀನಿ, ನೀವು ಊಟ ಮಾಡಿ ಬರ್ರಿ.” “ಇದನ್ನ ಆಗ್ಲೇ ಹೇಳಾಕ ಏನಾಗಿತ್ತು?” ಎಂದ ರೈತ. “ಹೌದ್ರಿ, ಹೇಳಬೇಕಾಗಿತ್ತು. ತಪ್ಪು ನಮ್ದ.” ಆತ ಗೊಣಗಿಕೊಂಡೇ ಹೆಂಡತಿಯನ್ನು ಕರೆತರಲು ಹೋದ.

ನನ್ನ ಕಣ್ಣು ತುಂಬಿತು, ಮುಚ್ಚಿಡುವುದು ಯಾಕೆ. ವ್ಯವಸ್ಥಾಪಕರಿಗೂ ತಡೆಯಲಾಗಲಿಲ್ಲ. ದಡದಡನೆ ಹೋಗಿ, ಸಾಲಿನ ಪಕ್ಕದಿಂದ ನುಸುಳಿ, “ನೋಡವಾ, ನಿನ್ನ ಕೆಲಸದ ವಿಚಾರ...” ಎಂದು ಶುರು ಮಾಡಿದರು.

ಅವಳು ಕಂಪ್ಯೂಟರ್‌ನಿಂದ ಕಣ್ಣು ಎತ್ತಲಿಲ್ಲ. “ಸಾಲಿನ್ಯಾಗ ಮಂದಿ ಅದಾರ್ರಿ ಸರ್. ಒಂದ್ ಹತ್ ನಿಮಿಷ ಕೂಡ್ರಿ, ನಾನ ಕರೀತೀನಿ.”

ವ್ಯವಸ್ಥಾಪಕರು ಬಂದು ಬೆಂಚಿನ ಮೇಲೆ ಕುಳಿತರು.