ದ್ರಾಕ್ಷಿ ಚಪ್ಪರದಡಿ ಕಹಿ ಬಿಯರು

ಮುನಿರಾಜು ಬಿಯರ್ ಕುಡಿಸುತ್ತೇನೆ ಎಂದು ಫೋನ್ ಮಾಡಿದಾಗಲೇ ನನಗೆ ಅನುಮಾನ ಬಂತು.

ಮೂವತ್ತು ವರ್ಷದ ಸ್ನೇಹದಲ್ಲಿ ಆತ ನನಗೆ ದ್ರಾಕ್ಷಿ ಕೊಟ್ಟಿದ್ದಾನೆ, ಅವರೆಕಾಯಿ ಕೊಟ್ಟಿದ್ದಾನೆ, ಒಮ್ಮೆ ನಾಯಿಮರಿಯನ್ನೂ ಕೊಟ್ಟಿದ್ದಾನೆ (ಎಷ್ಟು ಬೇಡಿಕೊಂಡರೂ ವಾಪಸ್ ತೆಗೆದುಕೊಳ್ಳಲಿಲ್ಲ). ಬಿಯರ್ ಮಾತ್ರ ಎಂದೂ ಕೊಡಿಸಿದವನಲ್ಲ. ಅಂಥವನು, "ಭಾನ್ವಾರ ಮಧ್ಯಾಹ್ನ ತೋಟಕ್ ಬಾ ಗುರು, ಕ್ರಿಸ್‌ಮಸ್ ಸ್ಪೆಷಲ್ ಬಿಯರ್ ಐತೆ, ಟೇಸ್ಟ್ ನೋಡ್ಬೇಕು" ಎಂದರೆ ಏನರ್ಥ? ನಮ್ಮ ಕಡೆ ಬಿಟ್ಟಿ ಬಿಯರಿನ ಹಿಂದೆ ಸೊಸೈಟಿ ಎಲೆಕ್ಷನ್ ಇರುತ್ತದೆ. ಅದಿಲ್ಲದಿದ್ದರೆ ಯಾರದೋ ಸೈಟು ಇರುತ್ತದೆ.

"ಅನುಮಾನಂ ಪೆದ್ದ ರೋಗಂ" ಎಂದಳು ನನ್ನ ಹೆಂಡತಿ. (ಅನುಮಾನ ದೊಡ್ಡ ರೋಗ ಅಂತ. ಅವಳ ತವರು ಬಾಗೇಪಲ್ಲಿ. ಬೈಯುವಾಗ ತೆಲುಗು ತಾನಾಗಿ ಬರುತ್ತದೆ.) ನಿಜ, ನಾನು ಇರುವುದೇ ಹಾಗೆ. ಹಾಲಿನ ಪ್ಯಾಕೆಟ್ಟನ್ನು ಮೂಸಿ ನೋಡದೆ ಕಾಯಿಸಲು ಬಿಡುವುದಿಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗುತ್ತೇನೆ. ಇಷ್ಟೆಲ್ಲ ಅನುಮಾನವಿದ್ದೂ, ಕಾರು ಮನೆಯಲ್ಲೇ ಬಿಟ್ಟು, ದೊಡ್ಡಬಳ್ಳಾಪುರದಿಂದ ಬಸ್ ಹತ್ತಿ ಹೋದೆ. ಬಿಯರ್ ಅಲ್ಲವೇ?

ಮುನಿರಾಜುವಿನ ಒಂದೂವರೆ ಎಕರೆ ದ್ರಾಕ್ಷಿ ತೋಟ ಇರುವುದು ತೂಬಗೆರೆ ದಾಟಿದ ಮೇಲೆ. ನಾನು ಹೋಗುವಷ್ಟರಲ್ಲಿ ಚಪ್ಪರದ ಕೆಳಗೆ ಚಾಪೆ ಹಾಸಿತ್ತು. ಹೈಸ್ಕೂಲ್ ಮೇಷ್ಟ್ರು ಗಂಗಾಧರ, ಟ್ರ್ಯಾಕ್ಟರ್ ರಿಪೇರಿಯ ಕೆಂಪಣ್ಣ ಆಗಲೇ ಕೂತಿದ್ದರು. ನಾವು ನಾಲ್ವರೂ ಒಂದೇ ಬೆಂಚಿನಲ್ಲಿ ಓದಿದವರು. ಐಸ್ ತುಂಬಿದ ಬಕೆಟ್ಟಿನಲ್ಲಿ ಎರಡು ಥರದ ಬಾಟಲಿ. ಒಂದು ನಾವು ಯಾವಾಗಲೂ ಕುಡಿಯುವುದು. ಇನ್ನೊಂದರ ಮೇಲೆ ಹಿಮ, ಕೊಂಬಿನ ಜಿಂಕೆ, ಗಂಟೆಗಳ ಚಿತ್ರ. ತೂಬಗೆರೆಯ ಬಿಸಿಲಿಗೆ ಜಿಂಕೆ ಬೆವರುತ್ತಿತ್ತು.

"ಇದ್ರಾಗೆ ಹಾಪ್ಸ್ ಜಾಸ್ತಿ" ಎಂದ ಮುನಿರಾಜು. ಹಾಪ್ಸ್ ಎಂದರೆ ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಒಂದು ಬಳ್ಳಿಯ ಹೂವಂತೆ. ಬೆಂಗಳೂರಿನಿಂದ ಒಬ್ಬ ಕನ್ಸಲ್ಟೆಂಟ್ ಬಂದಿದ್ದನಂತೆ. ಈ ಬಾಟಲಿಗಳನ್ನು ಕೊಟ್ಟು ಹೋದವನೂ ಅವನೇ. "ಇದೇ ಕಲ್ಲುಕಂಬ, ಇದೇ ತಂತಿ ಸಾಕಂತೆ. ದ್ರಾಕ್ಷಿ ತಗ್ದು ಹಾಪ್ಸ್ ಹಬ್ಬಿಸಿದ್ರೆ ಆಯ್ತು. ಹೂವ ಅವ್ರೇ ಬಂದು ತಗೊಂಡೋಗ್ತಾರಂತೆ."

"ಆ ಯಪ್ಪ ಹೆಂಗಿದ್ದ?" ಎಂದೆ.

"ನೀಟಾಗಿದ್ದ. ಬಿಳೀ ಶೂ ಹಾಕಿದ್ದ."

ತೋಟಕ್ಕೆ ಬಿಳೀ ಶೂ ಹಾಕಿಕೊಂಡು ಬರುವವನನ್ನು ನಂಬಬಹುದೇ? ನೀವೇ ಹೇಳಿ.

ಸರಿ, ಅದಕ್ಕೂ ಬಿಯರಿನ ರುಚಿಗೂ ಏನು ಸಂಬಂಧ? ಮುನಿರಾಜುವಿನ ಲೆಕ್ಕ ದ್ರಾಕ್ಷಿಯವನ ಲೆಕ್ಕ. ದ್ರಾಕ್ಷಿಯಲ್ಲಿ ಗೊಂಚಲಿನ ತುದಿಯ ಹಣ್ಣು ಕೊನೆಗೆ ಮಾಗುತ್ತದೆ. ಅದೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡರೆ ಇಡೀ ತೋಟದ ಹಣೆಬರಹ ಗೊತ್ತಾಗುತ್ತದೆ. ಅವನಪ್ಪನೂ ಹಾಗೇ ಮಾಡುತ್ತಿದ್ದರು. ಹಾಗಾಗಿ ಬಿಯರ್ ಕುಡಿದರೆ ಹಾಪ್ಸಿನ ಬೆಳೆ ಹೇಗೆ ಎಂದು ತಿಳಿಯುತ್ತದೆ ಎಂದು ಅವನ ನಂಬಿಕೆ.

ಪಂಪ್‌ಹೌಸ್ ಮರೆಯಲ್ಲಿ ಸ್ಟೀಲ್ ಲೋಟಗಳಿಗೆ ಬಗ್ಗಿಸಿ ತಂದ. ತಲೆಗೆ ಎರಡು ಲೋಟ, ಒಂದಕ್ಕೆ ರಬ್ಬರ್ ಬ್ಯಾಂಡ್. ಯಾವುದು ಯಾವುದೆಂದು ಹೇಳುವಂತಿಲ್ಲ. ಬೆರಳು ಅದ್ದಿ ನೆಲಕ್ಕೆ ನಾಲ್ಕು ಹನಿ ಚಿಮುಕಿಸಿ ಶುರು ಮಾಡಿದೆವು.

ಬ್ಯಾಂಡ್ ಇಲ್ಲದ್ದು ಹಳೇ ಪರಿಚಯ. ಬ್ಯಾಂಡ್ ಇದ್ದದ್ದು ಮೂಗಿನ ಹತ್ತಿರ ಬಂದಾಗ ದೇವನಹಳ್ಳಿ ಚಕ್ಕೋತದ ಘಮ. ಆಹಾ ಎಂದುಕೊಂಡೆ. ಬಾಯಿಗೆ ಹೋದ ಮೇಲೆ ಅದೇ ಚಕ್ಕೋತದ ಸಿಪ್ಪೆಯನ್ನು ಹಾಗಲಕಾಯಿ ಜೊತೆ ಅಗಿದ ಹಾಗೆ.

"ಕೆಟ್ಟೋಗೈತೆ ಕಣ್ಲಾ ಇದು, ಹಳೇ ಸ್ಟಾಕು" ಎಂದು ನನ್ನ ಕಿವಿಯಲ್ಲಿ ಗೊಣಗಿದ ಕೆಂಪಣ್ಣ, ತಾರೀಖು ನೋಡಲೆಂದು ಮುಚ್ಚಳ ಹುಡುಕಲು ಹೊರಟ. ಮುನಿರಾಜು ಲೋಟ ಅದಲುಬದಲು ಮಾಡಿದ್ದಾನೆಂದು ಗಂಗಾಧರನಿಗೆ ಗುಮಾನಿ. ಗಂಗಾಧರ ಪಂಪ್‌ಹೌಸಿನತ್ತ ಇಣುಕಿದನೆಂದು ನನಗೆ ಗುಮಾನಿ. ಆದರೆ ಮುನಿರಾಜು ಎದುರು ಕೂತು, ರಿಸಲ್ಟ್ ಬೋರ್ಡ್ ನೋಡುವ ಹುಡುಗನಂತೆ ನಮ್ಮ ಮುಖವನ್ನೇ ನೋಡುತ್ತ, "ಹೆಂಗೈತೆ?" ಎಂದ.

"ಸೂಪರ್" ಎಂದ ಕೆಂಪಣ್ಣ.

"ಡಿಫರೆಂಟಾಗೈತೆ" ಎಂದ ಗಂಗಾಧರ.

"ಘಮ ಚೆನ್ನಾಗಿದೆ" ಎಂದೆ ನಾನು. (ಮುಂದಿನ ವಾಕ್ಯವನ್ನು ನುಂಗಿದೆ.)

ಅವನು ಐಸ್ ತರಲು ಎದ್ದಾಗ ಕೆಂಪಣ್ಣ ತನ್ನ ಲೋಟವನ್ನು ದ್ರಾಕ್ಷಿ ಬುಡಕ್ಕೆ ಬಗ್ಗಿಸಿದ. ನಾನೂ ಬಗ್ಗಿಸಿದೆ.

ಇಷ್ಟರಲ್ಲಿ ಮುನಿರಾಜುವಿನ ಹೆಂಡತಿ ಸಾವಿತ್ರಮ್ಮ ಅವರೆಕಾಳಿನ ಉಸಲಿ ತಂದು, ತಟ್ಟೆಯನ್ನು ಟಪ್ಪನೆ ಇಟ್ಟು ಹೋದರು. ಎಂದೂ ಮಕ್ಕಳು ಮರಿ ಹೇಗಿದ್ದಾರೆ ಎಂದು ವಿಚಾರಿಸದೆ ಹೋದವರಲ್ಲ. ನಾನು ಕೈ ತೊಳೆಯಲು ತೋಟದ ಹಿಂಭಾಗದ ತೊಟ್ಟಿಯತ್ತ ಹೊರಟರೆ ಮುನಿರಾಜು, "ಆ ಕಡೆ ಬ್ಯಾಡ, ಹಾವ್ ಓಡಾಡ್ತೈತೆ" ಎಂದು ತಡೆದ. ಇಷ್ಟು ವರ್ಷ ಇಲ್ಲದ ಹಾವು ಇವತ್ತೇ ಬಂತೇ?

ಗಂಗಾಧರನಿಗೆ ಒಂದು ಅಭ್ಯಾಸ. ಅಕ್ಷರ ಕಂಡರೆ ಓದಲೇಬೇಕು, ಕಡಲೆಪುರಿ ಕಟ್ಟಿದ ಕಾಗದವನ್ನೂ ಬಿಡುವುದಿಲ್ಲ. ಜಿಂಕೆ ಬಾಟಲಿಯನ್ನು ತಿರುಗಿಸಿ, ಕನ್ನಡಕ ಏರಿಸಿ, ಇರುವೆ ಸಾಲಿನಂಥ ಅಕ್ಷರಗಳನ್ನು ಓದತೊಡಗಿದವನು ನಡುವೆಯೇ ತಟ್ಟನೆ ನಿಲ್ಲಿಸಿದ.

"ಮುನೀ, ಇದ್ರಾಗಿರೋ ಹಾಪ್ಸು ಫಾರಿನ್‌ದು ಕಣೋ. ಇಲ್ಲೇ ಬರ್ದವ್ರೆ, ಆಮದು ಅಂತ. ಆವಯ್ಯ ಈ ಕಡೆ ಎಲ್ಲಾದ್ರೂ ಗಿಡ ತೋರ್ಸಿದ್ನಾ?"

"ಫೋಟೋ ತೋರ್ಸವ್ನೆ."

"ಫೋಟೋದಾಗೆ ಹಿಂದ್ಗಡೆ ಏನಿತ್ತು?"

"ಬೆಟ್ಟ. ಮಂಜು."

"ನಂದಿ ಬೆಟ್ಟಾನಾ?"

"ಅಲ್ಲ." ಮುನಿರಾಜುವಿನ ದನಿ ಇಳಿಯಿತು. "ಬಿಳೀ ಬೆಟ್ಟ."

ಮುಚ್ಚಳ, ಲೋಟ, ಶೂ, ಒಬ್ಬರನ್ನೊಬ್ಬರು, ಎಲ್ಲವನ್ನೂ ಅನುಮಾನಿಸಿದ್ದೆವು. ಎಲ್ಲಿಯದೋ ಹೂವಿನ ರುಚಿ ನೋಡಿ ತೂಬಗೆರೆಯ ಮಣ್ಣಿಗೆ ಮಾರ್ಕ್ಸ್ ಹಾಕುತ್ತಿದ್ದೇವೆಂದು ಒಬ್ಬನಿಗೂ ಹೊಳೆದಿರಲಿಲ್ಲ. ಈಗ ಮೂವರ ಬಾಯಿಯೂ ಒಟ್ಟಿಗೆ ಬಿಚ್ಚಿಕೊಂಡಿತು. ಬಿಯರ್ ಚೆನ್ನಾಗಿಲ್ಲ, ನಾವು ಹೇಳಿದ್ದು ಸುಳ್ಳು, ದಮ್ಮಯ್ಯ, ಚಪ್ಪರ ಮುಟ್ಟಬೇಡ.

"ಈಗ್ ಹೇಳ್ತೀರಾ ಅಣ್ಣಾ?" ಸಾವಿತ್ರಮ್ಮ ಪಂಪ್‌ಹೌಸ್ ಬಾಗಿಲಲ್ಲಿ ನಿಂತಿದ್ದರು. "ಹಿಂದ್ಗಡೆ ಹೋಗ್ ನೋಡಿ. ನಮ್ಮೋರು ಕೇಳೋಕ್ ಕರ್ದಿಲ್ಲ ನಿಮ್ಮುನ್ನ. ಹೌದು ಅನ್ನಿಸ್ಕೊಳ್ಳೋಕ್ ಕರ್ದವ್ರೆ."

ಹೋಗಿ ನೋಡಿದೆವು. ಹಾವೂ ಇಲ್ಲ, ಏನೂ ಇಲ್ಲ. ಹಿಂದಿನ ನಾಲ್ಕು ಸಾಲಿನ ಬಳ್ಳಿಗಳನ್ನು ಮುನಿರಾಜು ಗುರುವಾರವೇ ಬುಡಕ್ಕೆ ಗರಗಸ ಹಾಕಿ ಕೊಯ್ದಿದ್ದ. ಹದಿನೆಂಟು ವರ್ಷದ ಬಳ್ಳಿಗಳು. ಎಲೆ ಸೊರಗಿ ಜೋತಿದ್ದವು, ಹಸಿರು ಗೊಂಚಲುಗಳು ತಂತಿಯಲ್ಲೇ ಬಾಡುತ್ತಿದ್ದವು.

"ತಲೆ ಕೆಟ್ಟೈತಾ ನಿಂಗೆ? ಒಬ್ರನ್ನಾದ್ರೂ ಒಂದ್ ಮಾತು ಕೇಳೋದಲ್ವಾ? ಯಾರ್ ಹೇಳಿದ್ರು ಕುಯ್ಯೋಕೆ?" ಎಂದು ಕೂಗಾಡಿದೆ.

ಮುನಿರಾಜು ನನ್ನನ್ನೇ ನೋಡಿದ. ಕೋಪವೇನೂ ಇರಲಿಲ್ಲ.

"ನೀನೇ ಕಣೋ. ಹೋದ್ ತಿಂಗ್ಳು ಫೋನ್ ಮಾಡಿದ್ನಲ್ಲ? ಅರಿಶಿನಕುಂಟೆ ಹತ್ರ ಟ್ರಾಫಿಕ್‌ನಾಗೆ ಸಿಕ್ಕಾಕ್ಕೊಂಡಿದೀನಿ, ಹೇಳು ಅಂದೆ ನೀನು. ನಾನ್ ಎಲ್ಲಾ ಬಿಡಿಸಿ ಹೇಳ್ದೆ. ನೀನು ಹೂಂ, ಹೂಂ, ಒಳ್ಳೇದು, ಮಾಡು ಗುರು ಅಂದೆ. ಹಾಲ್ನೂ ಮೂಸಿ ನೋಡೋನು ನೀನು. ನೀನೇ ಹೂಂ ಅಂದ್ಮೇಲೆ ಇನ್ನೇನ್ ಯೋಚ್ನೆ ಅಂತ..."

ಟ್ರಾಫಿಕ್ ನೆನಪಿದೆ. ಮುಂದೆ ನಿಂತಿದ್ದ ಮರಳು ಲಾರಿ ನೆನಪಿದೆ, ಸೀಟಿನ ಮೇಲೆ ಬಿದ್ದ ಫೋನಿನಿಂದ ಅವನ ದನಿ ಬರುತ್ತಿದ್ದದ್ದೂ ನೆನಪಿದೆ. ಅವನು ಏನು ಹೇಳಿದ ಎಂಬುದು ಮಾತ್ರ ಸತ್ತರೂ ನೆನಪಾಗುತ್ತಿಲ್ಲ.

ಉಳಿದ ಸಾಲುಗಳು ಉಳಿದವು, ಆ ಗರಗಸವನ್ನು ಸಾವಿತ್ರಮ್ಮ ಎಲ್ಲೋ ಬಚ್ಚಿಟ್ಟಿದ್ದಾರಂತೆ. ನಾನು ಅವರ ಮುಖ ನೋಡದೆ ಬಸ್ ಹತ್ತಿದೆ.

ಅದಿರಲಿ, ಕಳೆದ ವಾರ ನೀವು ಫೋನಿನಲ್ಲಿ ಯಾರಿಗೆ, ಯಾವುದಕ್ಕೆ "ಹೂಂ" ಎಂದಿರಿ, ಹೇಳಿ ನೋಡೋಣ?